ಹೊರೆ ಹೊರುವವನ ಹಕ್ಕು

ಅಲ್ಲಾಹನು ಮಾನವನಿಗೆ ಕರುಣಿಸಿದ ಅನುಗ್ರಹಗಳನ್ನು ಎಣಿಸುವಾಗ ಪವಿತ್ರ ಕುರ್‌ಆನ್ ಹೊರೆ ಹೊರುವ ಪ್ರಾಣಿಗಳನ್ನು ಮರೆಯುವುದಿಲ್ಲ. ಅನ್ನಹ್ಲ್ ಅಧ್ಯಾಯದ ಆರಂಭದಲ್ಲೇ ಅವುಗಳ ಪ್ರಸ್ತಾಪವಿದೆ. ನೀವಾಗಿ ಹೋಗಬೇಕಾದರೆ ಜೀವ ಹೈರಾಣಾಗುವಂತಹ ಊರುಗಳಿಗೆ ಅವು ನಿಮ್ಮ ಸರಕನ್ನು ಮುಟ್ಟಿಸುತ್ತವೆ ಎಂದು ಅಲ್ಲಿ ನೆನಪಿಸಲಾಗಿದೆ. ಮುಂದಿನ ವಚನದಲ್ಲಿ ಕುದುರೆ, ಹೇಸರಗತ್ತೆ, ಕತ್ತೆಗಳನ್ನು ಹೆಸರಿಸಿ, ನೀವು ಅರಿಯದ ಇನ್ನೂ ಅನೇಕವನ್ನು ಅಲ್ಲಾಹನು ಸೃಷ್ಟಿಸುತ್ತಾನೆ ಎಂದು ಹೇಳಲಾಗಿದೆ. ನಮ್ಮ ಕಾಲದ ಹಲವು ವ್ಯಾಖ್ಯಾನಕಾರರು ರೈಲು, ಲಾರಿ, ವಿಮಾನಗಳನ್ನು ಈ ಮಾತಿನ ವ್ಯಾಪ್ತಿಯೊಳಗೇ ಕಾಣುತ್ತಾರೆ. ಆದರೆ ಒಂಟೆಗೆ ಹೊರೆ ಹೇರಿದವನು ಒಂಟೆಯ ಸುಸ್ತನ್ನು ಕಣ್ಣಾರೆ ಕಾಣುತ್ತಿದ್ದ. ಇಂದು ಸರಕು ತರಿಸಿಕೊಳ್ಳುವ ನಾವು ಗಾಡಿಯನ್ನು ಮಾತ್ರ ನೋಡುತ್ತೇವೆ. ಗಾಡಿಗೆ ಸುಸ್ತಾಗದು. ಸುಸ್ತಾಗುವವನು ಸ್ಟೇರಿಂಗಿನ ಹಿಂದೆ ಕುಳಿತಿರುತ್ತಾನೆ.

ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನಂತಹ ಊರನ್ನೇ ತೆಗೆದುಕೊಳ್ಳಿ. ಸುತ್ತ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್‌ಗಳು, ಸಂತೆ, ನಾಲ್ಕಾರು ಬೇಕರಿ, ಪೆಟ್ಟಿಗೆ ಅಂಗಡಿಗಳು. ಬಿಸಿಲೇರಿದರೆ ಜನ ಕೇಳುವುದು ತಂಪು ಪಾನೀಯ. ಮೊದಲು ಗೋಲಿ ಸೋಡಾ ಸಾಕಿತ್ತು. ಪೆಪ್ಸಿ 1990ರಲ್ಲಿ ಭಾರತದ ಮಾರುಕಟ್ಟೆಗೆ ಬಂತು, 1977ರಲ್ಲಿ ಹೊರಟುಹೋಗಿದ್ದ ಕೋಕಾಕೋಲಾ 1993ರಲ್ಲಿ ಮರಳಿತು. ಈಗ ಪುತ್ತೂರಿನಲ್ಲಿ ತಯಾರಾಗುವ ಬಿಂದು ಜೀರಾ ಕೂಡ ಹಳ್ಳಿಹಳ್ಳಿಯ ಫ್ರಿಜ್ಜಿನಲ್ಲಿದೆ. ಮದುವೆ ಮನೆಗೆ ನೀರಿನ ಬಾಟಲಿಯ ಕೇಸುಗಳು, ಜಾತ್ರೆಗೆ, ಉರೂಸಿಗೆ ಜ್ಯೂಸಿನ ಪೆಟ್ಟಿಗೆಗಳು. ಇವೆಲ್ಲ ಮೈಸೂರು, ಹುಣಸೂರಿನಂತಹ ಊರುಗಳ ಗೋಡೌನುಗಳಿಂದ ವಿತರಕರ ವ್ಯಾನುಗಳಲ್ಲಿ ಬರುತ್ತವೆ. 275ನೇ ರಾಷ್ಟ್ರೀಯ ಹೆದ್ದಾರಿಯವರೆಗೆ ಸುಖ. ಅಲ್ಲಿಂದ ಒಳಗೆ ತಿರುಗಿ ಊರಿಂದೂರಿಗೆ, ಅಂಗಡಿಯಿಂದಂಗಡಿಗೆ ನಿಲ್ಲುತ್ತ ಹೋಗುವುದೇ ನಿಜವಾದ ಕೆಲಸ.

ಆ ವ್ಯಾನಿನ ಡ್ರೈವರ್ ಕೇವಲ ಡ್ರೈವರನಲ್ಲ. ಬೆಳಕು ಹರಿಯುವ ಮೊದಲೇ ಗೋಡೌನಿನಲ್ಲಿ ಲೋಡು ಎಣಿಸಿಕೊಳ್ಳುವವನು ಅವನೇ, ಅಂಗಡಿಯ ಮುಂದೆ ಕೇಸು ಇಳಿಸುವ ಹಮಾಲಿಯೂ ಅವನೇ, ಬಿಲ್ಲು ಬರೆದು ಹಣ ಪಡೆಯುವ ಗುಮಾಸ್ತನೂ ಅವನೇ. ಖಾಲಿ ಬಾಟಲಿ, ಕ್ರೇಟು ವಾಪಸು ಪಡೆಯಬೇಕು. ‘ನಾಳೆ ಬಾ’ ಎನ್ನುವ ಅಂಗಡಿಯವನ ಉದ್ರಿ ವಸೂಲಿ ಮಾಡಬೇಕು. ರಾತ್ರಿ ಗೋಡೌನಿಗೆ ಮರಳಿ ಲೆಕ್ಕ ಒಪ್ಪಿಸಬೇಕು. ಮೂವರ ಕೆಲಸ, ಒಬ್ಬನ ಸಂಬಳ. ಹಿಂದೆ ಜೊತೆಗೊಬ್ಬ ಕ್ಲೀನರ್ ಇರುತ್ತಿದ್ದ. ಖರ್ಚು ಉಳಿಸಬೇಕೆಂದಾಗ ಮೊದಲು ಇಳಿಯುವವನು ಅವನೇ.

ಹೊರೆಯ ಲೆಕ್ಕವನ್ನು ನಾವೇ ಒಮ್ಮೆ ಹಾಕಿ ನೋಡೋಣ. ಒಂದು ಲೀಟರಿನ ಹನ್ನೆರಡು ಬಾಟಲಿಗಳ ಒಂದು ಕೇಸಿನಲ್ಲಿ ನೀರೇ 12 ಕಿಲೋ. ದಿನಕ್ಕೆ 200 ಕೇಸು ಇಳಿಸಿದರೆ 2,400 ಕಿಲೋ. ಬೆಳಿಗ್ಗೆ ಗಾಡಿಗೆ ಏರಿಸಿದವನೂ ಅವನೇ ಆದರೆ 4,800 ಕಿಲೋ. ಒಬ್ಬ ಮನುಷ್ಯನ ಸೊಂಟ ಒಂದು ದಿನದಲ್ಲಿ ಹೆಚ್ಚುಕಡಮೆ ಐದು ಟನ್ ಎತ್ತಿತು, ಮತ್ತು ಆ ನಡುವೆ ಅವನು ಗಾಡಿಯನ್ನೂ ಓಡಿಸಿದ. 20 ಲೀಟರಿನ ಕ್ಯಾನುಗಳನ್ನು ಮಹಡಿ ಹತ್ತಿಸುವವನ ಲೆಕ್ಕ ಬೇರೆಯೇ ಇದೆ.

ಹ. ಅಬೂದರ್ರ್(ರ)ರಿಂದ ವರದಿಯಾಗಿ ಬುಖಾರಿಯಲ್ಲಿ ದಾಖಲಾಗಿರುವ ಒಂದು ಪ್ರಸಿದ್ಧ ಹದೀಸ್ ಇದೆ. ಕೈಕೆಳಗಿರುವವರು ನಿಮ್ಮ ಸಹೋದರರು. ಅಲ್ಲಾಹನೇ ಅವರನ್ನು ನಿಮ್ಮ ಅಧೀನದಲ್ಲಿರಿಸಿದ್ದಾನೆ ಎಂದು ಪ್ರವಾದಿ(ಸ)ರವರು ಕಲಿಸಿದರು. ತಾನು ಉಣ್ಣುವುದರಿಂದ ಉಣಿಸಬೇಕು, ತಾನು ಉಡುವುದರಿಂದ ಉಡಿಸಬೇಕು, ಶಕ್ತಿಗೆ ಮೀರಿದ ಭಾರ ಹೊರಿಸಬಾರದು, ಹೊರಿಸಬೇಕಾಗಿ ಬಂದರೆ ತಾನೂ ಕೈಹಚ್ಚಬೇಕು ಎಂಬುದು ಆ ಬೋಧನೆಯ ಸಾರ. ಅಂದು ಅದು ಗುಲಾಮರ ವಿಷಯದಲ್ಲಿ ಹೇಳಿದ ಮಾತು. ಗುಲಾಮನಿಗೇ ಇಷ್ಟು ಹಕ್ಕಿದ್ದರೆ ಸ್ವತಂತ್ರನಾಗಿ ಹುಟ್ಟಿ, ಸಂಬಳಕ್ಕೆ ದುಡಿಯಲು ಒಪ್ಪಿದವನ ಹಕ್ಕು ಎಷ್ಟಿರಬೇಡ? ಈ ಹದೀಸಿನ ಕೊನೆಯ ಭಾಗವನ್ನು ನಮ್ಮ ಭಾಷಣಗಳಲ್ಲಿ ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಕೈಹಚ್ಚುವುದೆಂದರೆ ಸಾವುಕಾರ ಬಂದು ಕೇಸು ಹೊರಬೇಕೆಂದೇ ಅಲ್ಲ. ಸೀಸನ್ನಿನಲ್ಲಿ ಲೋಡು ಇಮ್ಮಡಿಯಾದಾಗ ಇನ್ನೊಬ್ಬ ಹುಡುಗನನ್ನು ಜೊತೆಗೆ ಕಳಿಸಿದರೂ ಅದು ಕೈಹಚ್ಚಿದಂತೆಯೇ.

ಅಬೂದಾವೂದ್‌ನಲ್ಲಿ ಒಂದು ಒಂಟೆಯ ಪ್ರಸಂಗವೂ ಬರುತ್ತದೆ. ಪ್ರವಾದಿ(ಸ)ರವರು ಒಬ್ಬ ಅನ್ಸಾರಿಯ ತೋಟವನ್ನು ಪ್ರವೇಶಿಸಿದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿ ಕಣ್ಣೀರಿಟ್ಟಿತು. ಅವರು ಅದರ ತಲೆ ನೇವರಿಸಿ ಸಮಾಧಾನಪಡಿಸಿ, ಒಡೆಯನನ್ನು ಕರೆದು, ನೀನು ಇದನ್ನು ಹಸಿವಿನಿಂದಿರಿಸಿ ದಣಿಸುತ್ತೀಯೆಂದು ಇದು ದೂರುತ್ತಿದೆ ಎಂದು ಎಚ್ಚರಿಸಿದರು. ಬಾಯಿಲ್ಲದ ಪ್ರಾಣಿಯ ದೂರು ದೇವದೂತರ ಮುಂದೆ ದಾಖಲಾಯಿತು. ಕೆಲಸ ಹೋದೀತೆಂಬ ಭಯದಿಂದ ಬಾಯಿ ಮುಚ್ಚಿಕೊಂಡವನ ದೂರು ದಾಖಲಾಗದೆ ಉಳಿದೀತೇ?

ಕೂಲಿಯ ಕರಾರಿನ ವಿಷಯದಲ್ಲಿ ಕುರ್‌ಆನ್ ನಮ್ಮ ಮುಂದಿಡುವ ಮಾದರಿ ಮದ್‌ಯನ್‌ನದ್ದು. ಹ. ಮೂಸಾ(ಅ) ಈಜಿಪ್ಟಿನಿಂದ ಓಡಿಬಂದು, ಗೊತ್ತುಗುರಿಯಿಲ್ಲದೆ, ಹಸಿದು ನೆರಳಿನಲ್ಲಿ ಕುಳಿತಿದ್ದರು. ಅಂಥವನೊಡನೆ ಯಾವ ಷರತ್ತನ್ನಾದರೂ ಒಪ್ಪಿಸಬಹುದಿತ್ತು. ಆದರೆ ಆ ಹಿರಿಯರು ಏನು ಮಾಡಿದರು? ಎಂಟು ವರ್ಷದ ಕೆಲಸ ಎಂದು ಅವಧಿಯನ್ನು ಸ್ಪಷ್ಟಪಡಿಸಿದರು. ಹತ್ತು ಪೂರ್ತಿ ಮಾಡಿದರೆ ಅದು ನಿನ್ನ ಔದಾರ್ಯ, ನನ್ನ ಹಕ್ಕಲ್ಲ ಎಂದರು. ನಿನ್ನನ್ನು ಕಷ್ಟಕ್ಕೆ ಗುರಿಪಡಿಸಲು ನಾನು ಬಯಸುವುದಿಲ್ಲ ಎಂದೂ ಸೇರಿಸಿದರು. ಅಲ್‌ಕಸಸ್ ಅಧ್ಯಾಯದ ಈ ಭಾಗವನ್ನು ನಾವು ಮದುವೆಯ ಪ್ರಸಂಗವೆಂದು ಮಾತ್ರ ಓದುತ್ತೇವೆ. ಅದು ಉದ್ಯೋಗದ ಕರಾರು ಕೂಡ ಹೌದು. ನಮ್ಮಲ್ಲಿ ಕೆಲಸಕ್ಕೆ ಸೇರಿಸುವಾಗ ಆಡುವ ಮಾತೇನು? ‘ಬಾ ಮಗಾ, ನಮ್ಮ ಮನೆಯವನ ಹಾಗೆ ಇರು, ಸಂಬಳ ನೋಡಿ ಕೊಡೋಣ.’ ಈ ‘ನೋಡಿ ಕೊಡೋಣ’ದಲ್ಲಿ ಎಷ್ಟೋ ಜನರ ವರ್ಷಗಳು ಕಳೆದಿವೆ. ಕೂಲಿ ಇಷ್ಟೆಂದು ತಿಳಿಸದೆ ಕೂಲಿಯವನನ್ನು ನೇಮಿಸುವುದನ್ನು ಪ್ರವಾದಿ(ಸ)ರವರು ತಡೆದಿದ್ದಾರೆಂದು ವರದಿಯಿದೆ. ಕರ್ಮಶಾಸ್ತ್ರಜ್ಞರು ಕೂಲಿ ಗೊತ್ತಿರುವುದನ್ನು ಕರಾರಿನ ಸಿಂಧುತ್ವದ ಷರತ್ತನ್ನಾಗಿಯೇ ಇರಿಸಿದ್ದಾರೆ.

ಇನ್ನು ಕಡಿತದ ವಿಷಯ. ಹೆಚ್ಚು ಅನ್ಯಾಯ ನಡೆಯುವುದು ಇಲ್ಲಿಯೇ. ಗುಂಡಿಯಲ್ಲಿ ಗಾಡಿ ಕುಲುಕಿ ನಾಲ್ಕು ಬಾಟಲಿ ಒಡೆದರೆ ಡ್ರೈವರನ ಲೆಕ್ಕಕ್ಕೆ. ಕ್ರೇಟು ಕಡಮೆ ಬಂದರೆ ಅವನ ಲೆಕ್ಕಕ್ಕೆ. ಅಂಗಡಿಯವನು ಕೈಯೆತ್ತಿದರೆ ಆ ಉದ್ರಿಯೂ ಅವನ ಲೆಕ್ಕಕ್ಕೆ. ತಿಂಗಳ ಕೊನೆಗೆ ಸಂಬಳದ ಕವರಿನಲ್ಲಿ ಏನು ಉಳಿಯುತ್ತದೆಂದು ಅವನ ಹೆಂಡತಿಗೆ ಗೊತ್ತು, ಮಗುವಿನ ಶಾಲೆಯ ಫೀಸು ಕಟ್ಟಲು ಹೋದಾಗ.

ಇದಕ್ಕೆ ಶರೀಅತ್ತಿನ ವಿಧಿ ಏನು? ಒಬ್ಬನೇ ಮಾಲಿಕನ ಬಳಿ ನಿಗದಿತ ಸಮಯಕ್ಕೆ ದುಡಿಯುವವನನ್ನು ಫಿಕ್ಹ್ ಗ್ರಂಥಗಳು ‘ಅಜೀರ್ ಖಾಸ್’ ಎನ್ನುತ್ತವೆ. ಅವನ ಕೈಯಲ್ಲಿರುವ ಸರಕು ಅಮಾನತ್. ಅವನು ಬೇಕೆಂದು ಹಾಳು ಮಾಡಿದರೆ ಅಥವಾ ನಿರ್ಲಕ್ಷ್ಯ ತೋರಿದರೆ ಮಾತ್ರ ಭರಿಸಬೇಕು. ಅದಿಲ್ಲದೆ ಆದ ನಷ್ಟ ಮಾಲಿಕನದ್ದು. ಮೈಸೂರು ಸೀಮೆಯಲ್ಲಿ ಹೆಚ್ಚಾಗಿ ಅನುಸರಿಸುವ ಹನಫೀ ಮದ್‌ಹಬ್‌ನಲ್ಲೂ ಕರಾವಳಿಯ ಶಾಫಿಈಗಳಲ್ಲೂ ಈ ಮೂಲತತ್ವದಲ್ಲಿ ಭಿನ್ನಾಭಿಪ್ರಾಯವಿಲ್ಲ. ಅಂಗಡಿ ಇಟ್ಟು ಹಲವರ ಕೆಲಸ ಹಿಡಿಯುವ ದರ್ಜಿ, ಅಗಸರಂಥವರ ಹೊಣೆಯ ಬಗ್ಗೆ ಇಮಾಮರಲ್ಲಿ ಚರ್ಚೆಯಿದೆ. ಸಂಬಳದ ಡ್ರೈವರ್ ಆ ಪಟ್ಟಿಯವನಲ್ಲ. ವ್ಯಾಪಾರದ ಲಾಭವೆಲ್ಲ ತನ್ನದು, ನಷ್ಟ ಮಾತ್ರ ನೌಕರನದು ಎನ್ನುವವನು ಇಸ್ಲಾಮಿನ ವ್ಯಾಪಾರ ನೀತಿಯನ್ನು ತಲೆಕೆಳಗಾಗಿಸಿದಂತೆ.

ಈ ನಾಡಿನ ಕಾನೂನು ಹೇಳುವುದೂ ಇದಕ್ಕೆ ಬಹಳ ಹತ್ತಿರವಿದೆ. 1936ರ ವೇತನ ಪಾವತಿ ಕಾಯಿದೆಯ ಪ್ರಕಾರ ನಷ್ಟಕ್ಕಾಗಿ ಸಂಬಳ ಕಡಿಯಬೇಕಾದರೆ ಅದು ಆ ಕೆಲಸಗಾರನ ಅಲಕ್ಷ್ಯದಿಂದಲೇ ಆದದ್ದಾಗಿರಬೇಕು, ಮತ್ತು ಅವನ ವಿವರಣೆಯನ್ನು ಮೊದಲು ಕೇಳಬೇಕು. ಆ ಕಾಯಿದೆ ಈಗ 2019ರ ವೇತನ ಸಂಹಿತೆಯಲ್ಲಿ ವಿಲೀನವಾಗಿದೆ, ನಿಯಮ ಉಳಿದಿದೆ. ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಸಲ್ಲಬೇಕೆಂದೂ ಅದರಲ್ಲಿದೆ. ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ಪ್ರವಾದಿ(ಸ)ರವರು ಹೇಳಿದ್ದಾಗಿ ಇಬ್ನುಮಾಜ ವರದಿ ಮಾಡಿರುವುದು ಎಲ್ಲರಿಗೂ ಬಾಯಿಪಾಠ. ಏಳನೇ ತಾರೀಖಿಗೆ ಕೊಡುವವನೂ ನಮ್ಮಲ್ಲಿ ಒಳ್ಳೆಯ ಸಾವುಕಾರನೆನಿಸಿಕೊಳ್ಳುತ್ತಾನೆ, ಅಷ್ಟರಮಟ್ಟಿಗೆ ನಾವು ಇಳಿದಿದ್ದೇವೆ.

ಸಂಬಳದ ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. 2020ರ ಡಿಸೆಂಬರ್ 12ರಂದು ಕೋಲಾರ ಜಿಲ್ಲೆಯ ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ, ಐಫೋನ್ ಜೋಡಿಸುವ ಕೆಲಸಗಾರರು ಸಂಬಳ ಮತ್ತು ದುಡಿಮೆಯ ಅವಧಿಯ ವಿಷಯದಲ್ಲಿ ಸಿಟ್ಟಿಗೆದ್ದು ದಾಂಧಲೆ ನಡೆಸಿದರು. ಆಸ್ತಿ ಹಾಳುಮಾಡುವುದನ್ನು ಇಸ್ಲಾಮ್ ಒಪ್ಪುವುದಿಲ್ಲ, ಅದನ್ನು ಸಮರ್ಥಿಸುವ ಅಗತ್ಯವೂ ಇಲ್ಲ. ಆದರೆ ಆಮೇಲೆ ಕಂಪೆನಿಯೇ, ಕೆಲವು ಕೆಲಸಗಾರರಿಗೆ ಸಂಬಳ ಸರಿಯಾಗಿಯೋ ಸಕಾಲಕ್ಕೋ ಸಂದಿರಲಿಲ್ಲವೆಂದು ಒಪ್ಪಿಕೊಂಡು ಕ್ಷಮೆ ಕೋರಿತು. ಅಷ್ಟು ದೊಡ್ಡ ಕಾರ್ಖಾನೆಯಾದ್ದರಿಂದ ಅದು ಸುದ್ದಿಯಾಯಿತು. ಎರಡು ವ್ಯಾನಿನ ಏಜೆನ್ಸಿಯಲ್ಲಿ ಸಿಟ್ಟು ಬಂದವನು ಸುಮ್ಮನೆ ಕೆಲಸ ಬಿಟ್ಟು ಹೋಗುತ್ತಾನೆ, ಬಾಕಿಯನ್ನೂ ಬಿಟ್ಟು.

ದುಡಿಮೆಯ ಅವಧಿಗೂ ಇದೇ ಗತಿ. ಮೋಟಾರು ಸಾರಿಗೆ ಕೆಲಸಗಾರರಿಗೆ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, ವಾರಕ್ಕೊಂದು ದಿನ ಬಿಡುವು ಎಂದು 1961ರ ಕಾಯಿದೆಯೇ ಸಾಮಾನ್ಯ ಮಿತಿ ಹಾಕಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಾಗ ಅದೂ ಅವುಗಳೊಳಗೆ ಸೇರಿತು. ಆದರೆ ಆ ಹಳೆಯ ಕಾಯಿದೆ ಐವರು ಅಥವಾ ಹೆಚ್ಚು ಕೆಲಸಗಾರರಿದ್ದಲ್ಲಿ ಮಾತ್ರ ಅನ್ವಯಿಸುತ್ತಿತ್ತು. ಇಬ್ಬರು ಡ್ರೈವರುಗಳನ್ನಿಟ್ಟುಕೊಂಡ ನಮ್ಮ ಊರಿನ ಏಜೆನ್ಸಿಗೆ ಯಾವ ಇನ್ಸ್‌ಪೆಕ್ಟರೂ ಬರಲಿಲ್ಲ. ಕಾನೂನಿನ ಬೇಲಿ ಮುಗಿಯುವ ಇಂಥ ಕಡೆಯಲ್ಲೇ ಒಬ್ಬನ ದೇವಭಯ ಎಷ್ಟಿದೆಯೆಂದು ತಿಳಿಯುವುದು. ಬೆಳಗಿನ ಐದಕ್ಕೆ ಹೊರಟವನು ರಾತ್ರಿ ಹತ್ತಕ್ಕೆ ಕಣ್ಣು ಎಳೆಯುತ್ತಿರುವಾಗ ಹುಣಸೂರು ರಸ್ತೆಯಲ್ಲಿ ಗಾಡಿ ಓಡಿಸುತ್ತಿದ್ದರೆ ಅಪಾಯ ಅವನೊಬ್ಬನದಲ್ಲ. ಎದುರಿಗೆ ಬರುವ ಬೈಕಿನಲ್ಲಿ ಯಾರದೋ ಮಗನಿರುತ್ತಾನೆ. ಮಿತಿಮೀರಿದ ಲೋಡಿಗೆ 2019ರ ತಿದ್ದುಪಡಿಯ ನಂತರ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂಪಾಯಿ ದಂಡವಿದೆ. ಲೋಡು ಹೇರಿಸಿದವನು ಗೋಡೌನಿನಲ್ಲಿ. ಪೊಲೀಸರ ಮುಂದೆ ಕೈಕಟ್ಟಿ ನಿಲ್ಲುವವನು ಡ್ರೈವರ್.

ಇನ್ನೊಂದು ವಿಷಯವನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬಿಡುವಂತಿಲ್ಲ. ಇಡೀ ದಿನ ರಸ್ತೆಯಲ್ಲಿರುವವನು ಶೌಚಕ್ಕೆ ಎಲ್ಲಿಗೆ ಹೋಗಬೇಕು? ಇದು ಬಡ ದೇಶದ ಸಮಸ್ಯೆಯೆಂದು ತಿಳಿಯಬೇಡಿ. ಅಮೆರಿಕದಲ್ಲಿ ಅಮೆಜಾನ್ ಕಂಪೆನಿ, ತನ್ನ ಸರಕು ತಲಪಿಸುವ ಡ್ರೈವರುಗಳು ಬಾಟಲಿಯಲ್ಲಿ ಮೂತ್ರ ಮಾಡುವ ಪರಿಸ್ಥಿತಿಯಿದೆ ಎಂಬ ಆರೋಪವನ್ನು ಮೊದಲು ಗೇಲಿ ಮಾಡಿತು. 2021ರ ಏಪ್ರಿಲಿನಲ್ಲಿ, ಡ್ರೈವರುಗಳಿಗೆ ಶೌಚಾಲಯ ಸಿಗದ ತೊಂದರೆ ನಿಜವೆಂದು ಒಪ್ಪಿ ಕ್ಷಮೆ ಕೇಳಬೇಕಾಯಿತು. ನಮ್ಮ ಪ್ರತಿಯೊಂದು ಊರಿನಲ್ಲೂ ಮಸೀದಿಯಿದೆ, ಅದರ ಹಿಂದೆ ಶೌಚಾಲಯ, ನಲ್ಲಿ, ನೆರಳು ಇವೆ. ನಮಾಝಿನ ಹೊತ್ತು ಬಿಟ್ಟರೆ ಅದಕ್ಕೆ ಬೀಗ. ಜಮಾಅತಿನವರು ಮನಸ್ಸು ಮಾಡಿದರೆ ಆ ಬೀಗ ತೆಗೆಯಲು ಯಾವ ಫಂಡೂ ಬೇಕಾಗಿಲ್ಲ. ದಾರಿಹೋಕನಿಗೆ ಹಕ್ಕಿದೆಯೆಂದು ಕುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಅವನು ಯಾವ ಧರ್ಮದವನೆಂದು ಬಾಗಿಲಲ್ಲಿ ಕೇಳಬೇಕಿಲ್ಲ.

ಹೌದು, ಆ ಡ್ರೈವರ್ ಮುಸ್ಲಿಮೇತರನಾಗಿದ್ದರೆ? ಹಿಜ್‌ರಾದ ಪ್ರಯಾಣವನ್ನು ನೆನಪಿಸಿಕೊಳ್ಳಿ. ಪ್ರವಾದಿ(ಸ) ಮತ್ತು ಹ. ಅಬೂಬಕರ್(ರ) ದಾರಿ ತೋರಿಸಲು ಬನೂ ದೀಲ್ ಗೋತ್ರದವನೊಬ್ಬನನ್ನು ಕೂಲಿಗೆ ಗೊತ್ತು ಮಾಡಿದ್ದರು. ಅವನು ಆಗ ಕುರೈಷರ ಧರ್ಮದಲ್ಲೇ ಇದ್ದವನು. ಎರಡು ಒಂಟೆಗಳನ್ನು ಅವನ ಕೈಗೆ ಒಪ್ಪಿಸಿ, ಮೂರು ರಾತ್ರಿಗಳ ನಂತರ ಸೌರ್ ಗುಹೆಗೆ ಬರಬೇಕೆಂದು ತಿಳಿಸಿದರು. ತಮ್ಮ ಜೀವವನ್ನೇ ಆ ಕೂಲಿಯವನ ಪ್ರಾಮಾಣಿಕತೆಗೆ ವಹಿಸಿದರು, ಅವನೂ ಮಾತು ಉಳಿಸಿಕೊಂಡ. ಕೂಲಿಯ ಹಕ್ಕಿಗೆ ಕಲಿಮಾ ಷರತ್ತಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಮುಸ್ಲಿಮ್ ಡ್ರೈವರನಾದರೆ ಅವನಿಗೆ ನಮಾಝಿನ ಚಿಂತೆಯೂ ಇರುತ್ತದೆ. ಜುಮಾದ ಕರೆ ಕೇಳಿದಾಗ ವ್ಯಾಪಾರ ಬಿಟ್ಟು ಬರಬೇಕೆಂಬ ಆಜ್ಞೆ ಮಾಲಿಕನಿಗೆ ಮಾತ್ರ ಬಂದದ್ದಲ್ಲ. ಮಾಲಿಕ ಅತ್ತರು ಹಚ್ಚಿಕೊಂಡು ಮೊದಲ ಸಾಲಿನಲ್ಲಿ ಕುಳಿತಿರುವಾಗ ಅವನ ಡ್ರೈವರ್ ‘ಇನ್ನೂ ಆರು ಅಂಗಡಿ ಬಾಕಿ ಇದೆ ಭಾಯ್’ ಎಂದು ಬಿಸಿಲಿನಲ್ಲಿ ಅಲೆಯುತ್ತಿದ್ದರೆ ಆ ಲೆಕ್ಕ ಯಾರ ಮೇಲೆ? ಶುಕ್ರವಾರದ ಸುತ್ತನ್ನು ಸ್ವಲ್ಪ ಚಿಕ್ಕದು ಮಾಡಿದರಾಯಿತು. ರಮಝಾನ್ ತಿಂಗಳೂ ಹಾಗೆಯೇ. ಉಪವಾಸಿಗನ ಮೇಲೆ ಹೊರೆ ಇಳಿಸುವ ಬದಲು ಇಫ್ತಾರ್ ಕೂಟದ ಆರ್ಡರು ಎಂದು ನಾವೇ ಹೊರೆ ಏರಿಸುತ್ತೇವೆ.

ಪಾನೀಯವೆಂದಾಗ ಮದ್ಯದ ಪ್ರಶ್ನೆಯೂ ಏಳುತ್ತದೆ. ಕರ್ನಾಟಕದಲ್ಲಿ 2003ರಿಂದ ಮದ್ಯದ ಸಗಟು ವಿತರಣೆ ನಡೆಸುತ್ತಿರುವ ಸರಕಾರೀ ನಿಗಮದ ಹೆಸರಿನಲ್ಲೇ ‘ಪಾನೀಯ’ವಿದೆ. ಹೆಸರು ಯಾವುದಾದರೂ ವಿಧಿ ಬದಲಾಗದು. ಮದ್ಯದ ವಿಷಯದಲ್ಲಿ ಶಾಪಗ್ರಸ್ತರಾದ ಹತ್ತು ಮಂದಿಯಲ್ಲಿ ಅದನ್ನು ಹೊರುವವನೂ ಯಾರಿಗಾಗಿ ಹೊರಲಾಗುತ್ತದೋ ಅವನೂ ಇದ್ದಾರೆಂದು ಹ. ಅನಸ್(ರ)ರಿಂದ ತಿರ್ಮಿದಿ ವರದಿ ಮಾಡಿದ್ದಾರೆ. ಜ್ಯೂಸಿನ ಕೆಲಸವೆಂದು ಸೇರಿದವನಿಗೆ ಒಂದು ದಿನ ಬಿಯರಿನ ಲೋಡು ತೋರಿಸಿದರೆ ಅವನು ನಿರಾಕರಿಸಬೇಕು. ಆದರೆ ಹೀಗೆ ಫತ್ವಾ ಕೊಟ್ಟು ಎದ್ದುಹೋಗುವುದು ಸುಲಭ. ಅವನು ಮರುದಿನ ಕೆಲಸ ಕಳೆದುಕೊಂಡು ಬಂದರೆ ‘ಸಬ್ರ್ ಮಾಡು’ ಎನ್ನುವುದರ ಜೊತೆಗೆ ಬೇರೊಂದು ಗಾಡಿಯ ಕೆಲಸ ಹುಡುಕಿಕೊಡುವುದೂ ಜಮಾಅತಿನ ಹೊಣೆ.

ಡ್ರೈವರ್ ಸಹೋದರರಿಗೂ ಒಂದು ಮಾತು. ಪ್ರವಾದಿತ್ವಕ್ಕೆ ಮುಂಚೆ ಪ್ರವಾದಿ(ಸ)ರವರು ಹ. ಖದೀಜಾ(ರ)ರ ಸರಕನ್ನು ಸಿರಿಯಾಕ್ಕೆ ಕೊಂಡೊಯ್ದು ಮಾರಿ ಲೆಕ್ಕ ಒಪ್ಪಿಸಿದವರು. ಇನ್ನೊಬ್ಬರ ಸರಕು ಸಾಗಿಸುವುದು ಹೀನ ಕೆಲಸವಲ್ಲ. ಅಳತೆಯಲ್ಲಿ ಪಡೆಯುವಾಗ ಪೂರ್ತಿ ಪಡೆದು ಕೊಡುವಾಗ ಕಡಿಮೆ ಕೊಡುವವರಿಗೆ ಅಲ್‌ಮುತಫ್ಫಿಫೀನ್ ಅಧ್ಯಾಯದಲ್ಲಿ ವಿನಾಶದ ಎಚ್ಚರಿಕೆಯಿದೆ. ಪೂರ್ತಿ ದಿನ ದುಡಿಸಿ ಅರ್ಧ ಸಂಬಳ ಕೊಡುವವನು ಅದರಲ್ಲಿ ಬರುತ್ತಾನೆ, ಕಂಪೆನಿ ಅಂಗಡಿಯವನಿಗೆ ಕೊಟ್ಟ ಉಚಿತ ಬಾಟಲಿಯನ್ನು ತಾನೇ ಮಾರಿಕೊಳ್ಳುವವನೂ ಬರುತ್ತಾನೆ. ಅನ್ಯಾಯವಾಗಿದೆಯೆಂದು ಕದ್ದು ಸರಿಪಡಿಸಿಕೊಳ್ಳುವ ದಾರಿ ಹಿಡಿಯಬೇಡಿ. ಕೇಳಿ ಪಡೆಯುವ ದಾರಿಯಿದೆ. ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿಯೇ ಕರ್ನಾಟಕ 2024ರಲ್ಲಿ ಒಂದು ಕಾಯಿದೆ ಮಾಡಿದೆ. ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ಹೆಸರು ನೋಂದಾಯಿಸಿಕೊಳ್ಳಿ.

ಮನೆಯಲ್ಲಿ ಕುಳಿತು ಇದನ್ನು ಓದುತ್ತಿರುವ ಸಹೋದರಿಯರಿಗೆ ಇದು ಗಂಡಸರ ವಿಷಯವೆಂದು ತೋರಬಹುದು. ವಲೀಮಾದ ಹಿಂದಿನ ರಾತ್ರಿ ನೀರಿನ ಕೇಸು ಇಳಿಸಲು ಬರುವ ಹುಡುಗನಿಗೆ ‘ಅಲ್ಲೇ ಶಾಮಿಯಾನದ ಹಿಂದೆ ಇಟ್ಟು ಹೋಗಪ್ಪಾ’ ಎನ್ನುತ್ತೇವೆ. ದೇಗಿನಲ್ಲಿ ಬಿರಿಯಾನಿ ಘಮಘಮಿಸುತ್ತಿರುತ್ತದೆ. ಅಡುಗೆ ಮಾಡಿ ಅದರ ಬಿಸಿ, ಹೊಗೆ ಸಹಿಸಿ ತಂದವನನ್ನು ಜೊತೆಗೆ ಕೂರಿಸಿಕೊಳ್ಳಿ, ಆಗದಿದ್ದರೆ ಒಂದೆರಡು ತುತ್ತನ್ನಾದರೂ ಅವನ ಕೈಯಲ್ಲಿಡಿ ಎಂಬ ಅರ್ಥದ ಹದೀಸ್ ಇದೆ. ನೀರು ಹೊತ್ತು ತಂದವನು ಅದರಿಂದ ಹೊರಗಿನವನೇ?

ಕೊನೆಯದಾಗಿ ಹಳೆಯ ಬಾಕಿಗಳ ವಿಷಯ. ಬಂಡೆ ಉರುಳಿ ಗುಹೆಯೊಳಗೆ ಸಿಕ್ಕಿಬಿದ್ದ ಮೂವರ ಕಥೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿದೆ. ಅವರಲ್ಲೊಬ್ಬನ ಬಳಿ ದುಡಿದ ಕೂಲಿಯವನು ತನ್ನ ಕೂಲಿ ಪಡೆಯದೆ ಹೊರಟುಹೋಗಿದ್ದ. ಇವನು ಆ ಕೂಲಿಯನ್ನು ಬೆಳೆಸಿದ. ಅದು ದನಕುರಿಗಳ ಹಿಂಡಾಯಿತು. ವರ್ಷಗಳ ಮೇಲೆ ಅವನು ಬಂದು ತನ್ನ ಬಾಕಿ ಕೇಳಿದಾಗ ಇಡೀ ಹಿಂಡನ್ನು ತೋರಿಸಿ ಇದೆಲ್ಲ ನಿನ್ನದೇ ಎಂದ. ಅವನು ತಮಾಷೆಯೆಂದು ತಿಳಿದ. ತಮಾಷೆಯಲ್ಲವೆಂದು ತಿಳಿದ ಮೇಲೆ ಒಂದನ್ನೂ ಬಿಡದೆ ಹೊಡೆದುಕೊಂಡು ಹೋದ. ಆ ಕರ್ಮವನ್ನು ಮುಂದಿಟ್ಟು ಬೇಡಿದಾಗ ಬಂಡೆ ಸರಿಯಿತು.

ಹಿಂಡನ್ನು ಕೊಡಿ ಎಂದು ಯಾರೂ ಕೇಳುತ್ತಿಲ್ಲ. ಕೆಲಸ ಬಿಡುವಾಗ ‘ಗಾಡಿಗೆ ಗೀರು ಬಿದ್ದಿತ್ತು’ ಎಂದು ತಡೆಹಿಡಿದ ಕೊನೆಯ ತಿಂಗಳ ಸಂಬಳ ಸಾಕು. ಹಕ್ಕುದಾರ ಬದುಕಿದ್ದರೆ ಅವನಿಗೆ, ತೀರಿಕೊಂಡಿದ್ದರೆ ವಾರಸುದಾರರಿಗೆ ಮುಟ್ಟಿಸಬೇಕು. ಹುಡುಕಿಯೂ ಸಿಗದಿದ್ದರೆ ಮಾತ್ರ ಅವನ ಹೆಸರಿನಲ್ಲಿ ಸದಕಾ ಮಾಡಬೇಕೆಂದು ಉಲಮಾಗಳು ಹೇಳಿದ್ದಾರೆ. ಆದ್ದರಿಂದ ಹಜ್‌ಗೆ ಅರ್ಜಿ ತುಂಬುವ ಮುನ್ನ ಗೋಡೌನಿನ ಹಳೆಯ ಸಂಬಳದ ಪುಸ್ತಕಗಳನ್ನು ಒಮ್ಮೆ ಕೆಳಗಿಳಿಸಿ ಧೂಳು ಕೊಡವಿ ನೋಡಿ. ಹತ್ತು ವರ್ಷದ ಹಿಂದೆ ಬಿಟ್ಟುಹೋದ ಹುಡುಗ ಈಗ ಕೆ.ಆರ್. ನಗರದಲ್ಲೋ ಹುಣಸೂರಿನ ಸ್ಟ್ಯಾಂಡಿನಲ್ಲೋ ಆಟೋ ಓಡಿಸುತ್ತಿರಬಹುದು. ರಾವಂದೂರಿನಿಂದ ಅದೇನು ದೂರದ ಹಾದಿಯಲ್ಲ.